ಸಮಾಧಾನದ ಸದ್ದು

ಸ್ಕಿಪ್ಟನ್ನಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಆ ರಾತ್ರಿ ನಾವಿಬ್ಬರೇ.
ನಾನು, ಲೀಡ್ಸಿನಿಂದ ಲ್ಯಾಪ್‌ಟಾಪು ಹೊತ್ತು ಬಂದವಳು;
ಆಲ್ವಿನ್ ಸಗ್ಡನ್, ಮೂವತ್ತೊಂದು ವರ್ಷದಿಂದ
ಆ ಬಾಗಿಲಿನ ಬೀಗದ ಕೈ ಇಟ್ಟುಕೊಂಡವನು.
ಹೊರಗೆ ಕಾಲುವೆ, ಕಟ್ಟಿಹಾಕಿದ ದೋಣಿಗಳು.
ಒಳಗೆ ಸಾಲು ಸಾಲು ಕಬ್ಬಿಣದ ಬೀರು,
ಅವುಗಳ ಹೊಟ್ಟೆಯಲ್ಲಿ ಊರಿನ ಮಾತೆಲ್ಲ.

ಒಂದೊಂದನ್ನೂ ಮುಟ್ಟಿ ಗುರುತು ಹೇಳಿದ:
ಇದು ದನದ ಹರಾಜುಕಟ್ಟೆಯದು,
ಇದು ಗುಡ್ಡದ ಮೇಲಿನ ಕುರಿಯವರದು, ಮಳೆ ಬಂದರೆ ಕೆಮ್ಮುತ್ತದೆ,
ಇದು ಪಾದ್ರಿಯ ಮನೆಯದು,
ಕದ್ದು ಕೇಳಿಲ್ಲ ಎಂದರೆ ನಂಬುತ್ತೀಯಾ?
ನಂಬಿದೆ ಅಂದೆ.

ನನ್ನ ಬಳಿ ತಂತಿ ಇಲ್ಲ. ಇದ್ದದ್ದು ಒಂದು ಪಟ್ಟಿ,
ಯಾವ ಕರೆ ಯಾವ ದಾರಿ ಹಿಡಿಯಬೇಕೆಂಬ ಬರಹ.
ಬರಹ ತಿದ್ದಿದರೆ ದಾರಿಯೇ ತಿರುಗುತ್ತದೆ;
ನೆಲ ಅಗೆಯಬೇಕಿಲ್ಲ, ಏಣಿ ಹಾಕಬೇಕಿಲ್ಲ,
ಉಗುರಿಗೆ ಗ್ರೀಸು ಹತ್ತುವುದಿಲ್ಲ.

"ಹಾಗಾದರೆ ಇಷ್ಟು ದೊಡ್ಡದು ಎಲ್ಲಿಗೆ ಹೋಗುತ್ತದೆ?"
ಎಲ್ಲಿಗೂ ಇಲ್ಲ ಅಂದೆ. ಆಮೇಲೆ ತಿದ್ದಿಕೊಂಡೆ:
ಲೀಡ್ಸಿನಲ್ಲೊಂದು, ಸ್ಲೌನಲ್ಲೊಂದು,
ಇನ್ನೊಂದು ನಿದ್ದೆಯಲ್ಲಿ,
ಇವೆರಡರಲ್ಲಿ ಯಾವುದಾದರೂ ಸತ್ತರೆ ಏಳುತ್ತದೆ.
ಯಾವ ಯಂತ್ರವಾದರೂ ಸರಿ, ಬಾಡಿಗೆಯ ಮೈ.
ನಮ್ಮ ಕಡೆಯ ಕಥೆಗಳಲ್ಲಿ ಇದು ಪರಕಾಯ ಪ್ರವೇಶ:
ರಾಜ ಗಿಳಿಯೊಳಗೆ ಹೊಕ್ಕು ಹಾರಿಹೋಗುತ್ತಾನೆ,
ಬಿಟ್ಟುಹೋದ ದೇಹವನ್ನು ಯಾರಾದರೂ ಕಾಯುತ್ತಿರಬೇಕು.
ಆಲ್ವಿನ್ ಬೀರುಗಳತ್ತ ತಿರುಗಿ
"ಕಾಯುವವನು ನಾನು ತಾನೆ" ಅಂದ.

ಫ್ಲಾಸ್ಕಿನ ಟೀ ಬಗ್ಗಿಸುತ್ತ ಕೇಳಿದ, ಕರೆಂಟು ಹೋದರೆ?
ನೆಲಮಾಳಿಗೆಯಲ್ಲಿ ಅವನ ಬ್ಯಾಟರಿಗಳಿದ್ದವು, ಎದೆಯೆತ್ತರ.
ಒಂದು ಚಳಿಗಾಲ ಹಿಮ ಬಿದ್ದು ನಾಲ್ಕು ದಿನ
ಇಡೀ ಕಣಿವೆ ಕತ್ತಲೆ, ಫೋನು ಮಾತ್ರ ಬಡಿದುಕೊಳ್ಳುತ್ತಿತ್ತಂತೆ;
ಸೂಲಗಿತ್ತಿ ಈ ತುದಿಯಲ್ಲಿ, ಕೂಸು ಆ ತುದಿಯಲ್ಲಿ,
ನಡುವೆ ಇದೇ ತಂತಿ.
ಕೇಳಿದವರಿಗೆ ಪುಟ್ಟ ಬ್ಯಾಟರಿ ಕೊಡುತ್ತೇವೆ,
ಒಂದು ಗಂಟೆ ಬರುತ್ತದೆ ಅಂದೆ.
"ಒಂದು ಗಂಟೆ" ಅಂದ.
ವ್ಯಂಗ್ಯವಿರಲಿಲ್ಲ. ಲೆಕ್ಕ ಬರೆದುಕೊಂಡ ಹಾಗಿತ್ತು.

ಎರಡೂ ಮುಕ್ಕಾಲಿಗೆ ಪರದೆಯ ಮೇಲೆ ಒಂದು ಪದ ಬರೆದೆ.
ನಾಲ್ಕು ಸಾವಿರದ ನೂರ ಹನ್ನೆರಡು ಮನೆ
ನಿದ್ದೆಯಲ್ಲೇ ದಾಟಿದವು,
ತೊಟ್ಟಿಲಿನಿಂದ ತೊಟ್ಟಿಲಿಗೆ ಮಗುವನ್ನು ಬದಲಿಸಿದ ಹಾಗೆ.
ಬೀರುಗಳ ಹಸಿರು ದೀಪ ಒಂದೊಂದಾಗಿ ಆರಿದವಂತೆ.
ನಾನು ನೋಡಲಿಲ್ಲ, ಪಟ್ಟಿ ನೋಡುತ್ತಿದ್ದೆ.
ನೋಡಬೇಕಿತ್ತು.

ಪರೀಕ್ಷೆಗೆಂದು ಮೂರು ಗಂಟೆಗೆ ಯಾರನ್ನು ಎಬ್ಬಿಸುವುದು?
ಎಚ್ಚರವಿದ್ದವಳು ಬೇಕರಿಯ ಗ್ವೆನ್ ಪಿಕಲ್ಸ್ ಒಬ್ಬಳೇ.
ಹೇಗೆ ಕೇಳುತ್ತಿದೆ, ಅಂದ ಆಲ್ವಿನ್.
"ಚೆನ್ನಾಗಿದೆ. ವಿಪರೀತ ಚೆನ್ನಾಗಿದೆ.
ನೀನು ಮಾತು ನಿಲ್ಲಿಸಿದರೆ ಸತ್ತೇ ಹೋದ ಹಾಗೆ.
ಆಲ್ವಿನ್? ಇದ್ದೀಯಾ?"

ತಪ್ಪು ನನ್ನದು.
ಮಾತಿಲ್ಲದಾಗ ಏನನ್ನೂ ಕಳಿಸದ ಜಿಪುಣ ಲೆಕ್ಕ ನಮ್ಮದು;
ಅದಕ್ಕೇ ಒಂದು ಉಪಾಯವೂ ಉಂಟು,
ಹೊಸದಾಗಿ ತಯಾರಿಸಿದ ಹಳೆಯ ಗೊರಗೊರ,
ಆ ತುದಿಯಲ್ಲಿ ಯಾರೋ ಉಸಿರಾಡುತ್ತಿದ್ದಾರೆ ಅನ್ನಿಸಲಿಕ್ಕೆ.
ಸಮಾಧಾನದ ಸದ್ದು ಎಂದು ಅದರ ಹೆಸರು.
ಮರೆತಿದ್ದೆ. ಒಂದು ಸಾಲು ಸೇರಿಸಿದೆ.
"ಹಾಂ, ಈಗ ಇದ್ದೀಯ" ಅಂದಳು ಗ್ವೆನ್,
ಫೋನು ಇಡದೆಯೇ ಒಲೆ ನೋಡಲು ಹೋದಳು.

ಆಲ್ವಿನ್ ಕಿವಿಯಿಂದ ರಿಸೀವರು ತೆಗೆಯಲಿಲ್ಲ.
"ಇದು ಏಳನೇ ಸಾಲಿನ ಫ್ಯಾನು" ಅಂದ.
ಏಳನೇ ಸಾಲಿನ ಫ್ಯಾನು ಅವನ ಬೆನ್ನ ಹಿಂದೆ
ಆಗಲೇ ನಿಂತು ಹತ್ತು ನಿಮಿಷವಾಗಿತ್ತು.
ಎಷ್ಟಕ್ಕೆ ಇಡಲಿ, ಕೇಳಿದೆ.
"ಇನ್ನೊಂದು ಚೂರು."

ಆ ಊರಿಗೆ ಮಾತ್ರ ಇವತ್ತಿಗೂ
ನಿಯಮಕ್ಕಿಂತ ಒಂದು ಚೂರು ಜಾಸ್ತಿ ಇದೆ.
ಯಾರೂ ದೂರು ಕೊಟ್ಟಿಲ್ಲ.